ಮಾತು ನಡೆದಿದೆ, ಒಳಗೆ ಬರಬಾರದು

ನಮ್ಮ ಅಡಿಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಗೆ ಮುಚ್ಚಳವಿಲ್ಲ. ಇದ್ದದ್ದು ಎಂದೋ ಕಳೆದುಹೋಯಿತು. ಈಗ ಅದರ ಬಾಯಿಯ ಮೇಲೆ ಒಂದು ತಗಡಿನ ತುಂಡು ಕೂತಿದೆ. ಒಂದೂವರೆ ಗೇಣು ಉದ್ದ, ಒಂದು ಗೇಣು ಅಗಲ, ಮೇಲಿನ ಎರಡು ಮೂಲೆಗೆ ತೂತು. ರೊಟ್ಟಿ ಬಡಿಯಲು ಕೂತಾಗ ನನ್ನ ಹೆಂಡತಿ ಪದ್ಮಾ ಅದನ್ನು ಎತ್ತಿ ಗೋಡೆಗೆ ಆನಿಸಿ ಇಡುತ್ತಾಳೆ. ಆಗ ಅದರ ಒಳಮೈ ಕಾಣುತ್ತದೆ. ಬಿಳಿ ಬಣ್ಣದ ಮೇಲೆ ಕೆಂಪು ಅಕ್ಷರಗಳು. ಹಿಟ್ಟು ಹತ್ತಿ ಅರ್ಧ ಮಾಸಿದ್ದರೂ ಓದಲಿಕ್ಕೆ ಬರುತ್ತವೆ: ‘ಮಾತು ನಡೆದಿದೆ. ಒಳಗೆ ಬರಬಾರದು.’

ನೋಡಿದವರು ನಗುತ್ತಾರೆ. ‘ಏನ್ರಿ ಮಾಸ್ತರ, ಹಿಟ್ಟಿನ ಡಬ್ಬ್ಯಾಗ ಯಾರು ಮಾತಾಡಾಕತ್ತಾರ?’ ಎಂದು ಕೇಳುತ್ತಾರೆ. ನಾನೂ ನಗುತ್ತೇನೆ. ಅಕ್ಷರ ನನ್ನದೇ. ಅಟ್ಟದ ಮೇಲೆ ಅರಿವೆ ಸುತ್ತಿ ಇಟ್ಟಿದ್ದೆ. ಒಂದು ಸಲ ಸುಣ್ಣ ಬಳಿಸುವಾಗ ಪದ್ಮಾಳ ಕೈಗೆ ಸಿಕ್ಕಿತು, ಡಬ್ಬಿಗೆ ಸರಿಯಾಗಿ ಕೂತಿತು. ಬೇಡ ಎನ್ನಬೇಕಾದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು. ಅದಕ್ಕೇ ಸುಮ್ಮನಾದೆ. ದಿನಕ್ಕೆ ಎರಡು ಹೊತ್ತು ರೊಟ್ಟಿ ತಿನ್ನುವ ಮನೆ ನಮ್ಮದು, ದಿನಕ್ಕೆ ಎರಡು ಸಲ ಅದು ನನ್ನ ಕಣ್ಣಿಗೆ ಬೀಳುತ್ತದೆ.

ಈ ತಗಡಿನ ಸಂಗತಿ ಹೇಳಬೇಕೆಂದು ಎಷ್ಟೋ ಸಲ ಕೂತು, ಬೇರೇನೋ ಹೇಳಿ ಎದ್ದಿದ್ದೇನೆ. ಇವತ್ತೂ ಅತ್ತಿತ್ತ ಅಡ್ಡಾಡಿ ಬರುವುದು ಖಂಡಿತ. ಸ್ವಲ್ಪ ಸಹಿಸಿಕೊಳ್ಳಿ.

ಲೈಸೆನ್ಸ್ ಎಂಬ ಮಾತಿನ ಮೇಲೆ ನನಗೆ ಭಕ್ತಿ ಹುಟ್ಟಿದ್ದು ಹುನಗುಂದದಲ್ಲಿ, ಚಡ್ಡಿ ಹಾಕುವ ಕಾಲಕ್ಕೆ. ಮೊನ್ನೆ ಮೊನ್ನೆಯವರೆಗೂ ರೇಡಿಯೋ ಕೇಳುವುದಕ್ಕೂ ಲೈಸೆನ್ಸ್ ಬೇಕಿತ್ತಲ್ಲ, ನಿಮಗೂ ನೆನಪಿರಬಹುದು. ಪೋಸ್ಟ್ ಆಫೀಸಿನಲ್ಲಿ ಒಂದು ಸಣ್ಣ ಪುಸ್ತಕ ಕೊಡುತ್ತಿದ್ದರು. ವರ್ಷಕ್ಕೊಮ್ಮೆ ಅದಕ್ಕೆ ತಿಕೀಟು ಹಚ್ಚಿಸಿ ಠಸ್ಸೆ ಹೊಡೆಸಿಕೊಂಡು ಬರಬೇಕು. ಸಾಲಿ ಮಾಸ್ತರನಾಗಿದ್ದ ನಮ್ಮಪ್ಪ ಆ ಪುಸ್ತಕವನ್ನು ದೇವರ ಗೂಡಿನಲ್ಲಿ ಪಂಚಾಂಗದ ಪಕ್ಕ ಇಡುತ್ತಿದ್ದರು. ಸಂಜೆ ಸುದ್ದಿಯ ಹೊತ್ತಿಗೆ ಓಣಿಯ ಹತ್ತಾರು ಮಂದಿ ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದರು. ಒಂದು ದಿನ ನಾನು ಬಾಗಿಲಿಗೆ ಅಡ್ಡ ನಿಂತು ಪಕ್ಕದ ಮನೆಯ ಗಂಗಕ್ಕನನ್ನು ಕೇಳಿದೆನಂತೆ: ‘ನಿಮ್ಮ ಹಂತೇಕ ಲೈಸೆನ್ಸ್ ಅದ ಏನು? ಇಲ್ಲಂದ್ರ ಕಿವಿ ಮುಚ್ಕೊಂಡು ಕೂಡ್ರಿ.’

ಗಂಗಕ್ಕ ನಗುತ್ತ ಎರಡೂ ಕಿವಿಗೆ ಸೆರಗು ಒತ್ತಿಕೊಂಡು ಎದ್ದು ಹೋದಳು. ಮುಂದೆ ಎಷ್ಟೋ ದಿನ ಬರಲಿಲ್ಲ. ಅಪ್ಪ ನನಗೆ ಎರಡು ಬಿಗಿಯಬೇಕಿತ್ತು. ಅದರ ಬದಲು ಹೊಟ್ಟೆ ಹಿಡಿದುಕೊಂಡು ನಕ್ಕು, ‘ಇಂವಾ ದೊಡ್ಡಾಂವ ಆದಮ್ಯಾಲ ಇನ್ಸ್‌ಪೆಕ್ಟರ್ ಆಗ್ತಾನ’ ಎಂದರು. ನಾನು ಅದನ್ನು ಶಾಭಾಸ್ ಎಂದುಕೊಂಡೆ. ಗಂಗಕ್ಕ ಸೆರಗು ಒತ್ತಿಕೊಂಡು ಹೋದ ರೀತಿ ಈಗ ನೆನಪಾದರೆ ಚಲೋ ಅನಿಸುವುದಿಲ್ಲ.

ಇನ್ಸ್‌ಪೆಕ್ಟರ್ ಆಗಲಿಲ್ಲ, ಇಳಕಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದೆ. ಎಪ್ಪತ್ತರ ದಶಕದ ನಡುವೆ ಒಮ್ಮೆ ಬಾಗಲಕೋಟೆಯಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನವಿತ್ತು. ನಾವು ನಿಂಬೆಹಣ್ಣಿನಿಂದ ದೀಪ ಹೊತ್ತಿಸುವ ಪ್ರಯೋಗ ಒಯ್ದಿದ್ದೆವು, ಅದು ಹೊತ್ತಲಿಲ್ಲ. ಪಕ್ಕದ ಟೇಬಲ್ಲಿನಲ್ಲಿ ದಪ್ಪ ಮೀಸೆಯ ಎತ್ತರದ ಮನುಷ್ಯನೊಬ್ಬ, ಮಡಿಚಿದ ಕರಿ ಕಂಬಳಿಯ ಮೇಲೆ, ಬೆರಳಿನಿಂದ ಒತ್ತಿದರೆ ಸದ್ದು ಹೊರಡುವ ಹಿತ್ತಾಳೆಯ ಕೀ ಇಟ್ಟುಕೊಂಡು, ಬಂದವರ ಹೆಸರು ಕೇಳಿ ಅದನ್ನು ಚುಕ್ಕಿ ಗೆರೆಯ ಮೋರ್ಸ್ ಸದ್ದಿನಲ್ಲಿ ಬಾರಿಸಿ ಕೇಳಿಸುತ್ತಿದ್ದ. ಇಡೀ ಪ್ರದರ್ಶನ ಅವನ ಸುತ್ತ ಇತ್ತು. ನಮ್ಮ ನಿಂಬೆಹಣ್ಣು ಒಬ್ಬಂಟಿಯಾಗಿ ಒಣಗುತ್ತಿತ್ತು.

ಅವನು ಬಾದಾಮಿಯ ಬೀರಪ್ಪ. ಕುರಿ ಕಾಯುವ ಮನೆತನ, ಮನೆದೇವರ ಹೆಸರನ್ನೇ ಇಟ್ಟಿದ್ದರು. ಮಿಲಿಟರಿಯಲ್ಲಿ ಹದಿನೈದು ವರ್ಷ ವೈರ್‌ಲೆಸ್ ಕೆಲಸ ಮಾಡಿ ಬಂದು, ಬಾದಾಮಿ ಬಸ್ ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ಟಿನ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಜೊತೆಗೆ ಸರಕಾರದಿಂದ ಹ್ಯಾಮ್ ಲೈಸೆನ್ಸ್ ಪಡೆದಿದ್ದ. ಅಂದರೆ ಸ್ವಂತ ಮನೆಯಲ್ಲೇ ಕಳಿಸುವ ಯಂತ್ರ, ಕೇಳುವ ಯಂತ್ರ ಎರಡೂ ಇಟ್ಟುಕೊಂಡು, ಅಂಥದೇ ಲೈಸೆನ್ಸ್ ಇರುವ ಬೇರೆಯವರೊಡನೆ ಗಾಳಿಯಲ್ಲಿ ಮಾತಾಡುವ ಹಕ್ಕು. ನನಗಿಂತ ಎಂಟು ಹತ್ತು ವರ್ಷ ದೊಡ್ಡವನು. ಎದುರಿಗೆ ‘ರೀ’ ಹಚ್ಚಿಯೇ ಮಾತಾಡುತ್ತಿದ್ದೆ, ನೆನಪಿನಲ್ಲಿ ಮಾತ್ರ ಅವನು ಏಕವಚನದಲ್ಲೇ ಬರುತ್ತಾನೆ. ಅವನು ಸಿಟ್ಟಾಗುವವನಲ್ಲ.

‘ಇದಕ್ಕೂ ಲೈಸೆನ್ಸ್ ಬೇಕಾಗ್ತದೇನ್ರಿ?’ ಎಂದು ಕೇಳಿದೆ.

‘ಬೇಕ್ರಿ. ಪರೀಕ್ಷಾ ಐತಿ, ಪೊಲೀಸ್ ತಪಾಸಣಿ ಐತಿ, ದಿಲ್ಲಿಯಿಂದ ಹುಕುಂ ಬರಬೇಕು’ ಎಂದ. ನನ್ನ ಬಾಯಲ್ಲಿ ನೀರೂರಿತು.

ಆ ದಿನದಿಂದ ನನಗೆ ಹುಚ್ಚು ಹಿಡಿಯಿತು. ಊಟದ ತಾಟಿನ ಅಂಚಿಗೆ ಚಮಚದಿಂದ ಮೋರ್ಸ್ ಬಾರಿಸುತ್ತಿದ್ದೆ. ಇಳಕಲ್ಲಿನಲ್ಲಿ ನಾವಿದ್ದ ಓಣಿಯಲ್ಲಿ ಮನೆಗೊಂದು ಮಗ್ಗ. ಲಾಳಿಯ ಸದ್ದಿನಲ್ಲೂ ಅಕ್ಷರ ಹುಡುಕುತ್ತ ನಡು ಬೀದಿಯಲ್ಲಿ ನಿಂತುಬಿಡುತ್ತಿದ್ದೆ. ಸೀರೆ ನೇಯುವ ಮನೆಗಳ ಮುಂದೆ ಮಾಸ್ತರ ಯಾಕೆ ನಿಲ್ಲುತ್ತಾನೆ ಎಂದು ಜನ ಮಾತಾಡಿಕೊಂಡದ್ದು ಪದ್ಮಾಳ ಕಿವಿಗೂ ಬಂತು. ಪರೀಕ್ಷೆ ಪಾಸಾದ ಮೇಲೆ ಪೊಲೀಸ್ ತಪಾಸಣೆಗೆ ಹವಾಲ್ದಾರನೊಬ್ಬ ಮನೆಗೆ ಬಂದ.

‘ಮಾಸ್ತರ, ಇದರಾಗ ಯಾರ ಜೋಡಿ ಮಾತಾಡ್ತೀರಿ?’

‘ಲೈಸೆನ್ಸ್ ಇದ್ದವರು ಯಾರು ಸಿಗ್ತಾರೋ ಅವರ ಜೋಡಿ.’

‘ಏನ್ ಮಾತಾಡ್ತೀರಿ?’

‘ನನ್ನ ದನಿ ಹ್ಯಾಂಗ ಕೇಳಸ್ತದ ಅಂತ ಕೇಳ್ತೇನಿ.’

‘ಅವರೇನಂತಾರ?’

‘ಅವರೂ ಅದನ್ನ ಕೇಳ್ತಾರ.’

ಹವಾಲ್ದಾರ ಪೆನ್ನು ಕೆಳಗಿಟ್ಟ. ‘ಇಷ್ಟಕ್ಕ ದಿಲ್ಲಿ ತನಕ ಹೋಗಬೇಕೇನ್ರಿ?’ ಎಂದ. ಒಳಗಿನಿಂದ ಪದ್ಮಾ ನಕ್ಕದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಹವಾಲ್ದಾರ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ನಿಯಮ ಪುಸ್ತಕದ ಪ್ರಕಾರ ವ್ಯಾಪಾರದ ಮಾತಿಲ್ಲ, ರಾಜಕೀಯವಿಲ್ಲ, ಇನ್ನೊಬ್ಬರ ಪರವಾಗಿ ಸುದ್ದಿ ಮುಟ್ಟಿಸುವಂತಿಲ್ಲ. ಯಂತ್ರದ ಬಗ್ಗೆ ಮಾತಾಡಬಹುದು. ಸ್ವಂತದ ಮಾತೂ ಆಡಬಹುದು, ಆದರೆ ಅದು ಮಹತ್ವವಿಲ್ಲದ್ದಾಗಿರಬೇಕು. ಮಹತ್ವದ ಮಾತಿದ್ದರೆ ತಂತಿ ಆಫೀಸು ಇದೆಯಲ್ಲ, ಅಲ್ಲಿಗೆ ಹೋಗಬೇಕು. ಇದನ್ನು ಓದಿ ಬೀರಪ್ಪ ಮೀಸೆಯೊಳಗೇ ನಗುತ್ತಿದ್ದ: ‘ನಮ್ಮಂಥವರಿಗಂತನ ಮಾಡಿದ ಕಾಯದೆ ನೋಡ್ರಿ ಇದು. ಮಹತ್ವದ ಮಾತು ನಮ್ಮ ಹತ್ರ ಎಲ್ಲೈತಿ?’

ಹೀಗೆ ಇಳಕಲ್ಲಿನಿಂದ ನಾನು, ಬಾದಾಮಿಯಿಂದ ಅವನು, ದಿನಾ ಮುಂಜಾನೆ ಆರೂವರೆಗೆ ಗಾಳಿಯಲ್ಲಿ ಕೂಡತೊಡಗಿದೆವು. ಮೊದಲು ಅವನು ಕೀ ಬಾರಿಸಿ ಕರೆಯುತ್ತಿದ್ದ. ಮೋರ್ಸ್ ಬಾರಿಸುವವರಲ್ಲಿ ಒಬ್ಬೊಬ್ಬರದು ಒಂದೊಂದು ಕೈ ಇರುತ್ತದೆ. ನೂರು ಮಂದಿಯಲ್ಲಿ ಬೀರಪ್ಪನ ಕೈ ಗುರುತಿಸುತ್ತೇನೆ ಎಂದು ನಾನು ಕೊಚ್ಚಿಕೊಳ್ಳುತ್ತಿದ್ದೆ. ಕರೆ ಮುಗಿದ ಮೇಲೆ ಮೈಕು ಹಿಡಿದು ಬಾಯಿಮಾತು. ಒಬ್ಬ ಮಾತಾಡುವಾಗ ಇನ್ನೊಬ್ಬ ಸುಮ್ಮನಿರಬೇಕು. ಯಂತ್ರವೇ ಹಾಗೆ. ಕಳಿಸುತ್ತಿರುವವನಿಗೆ ಏನೂ ಕೇಳುವುದಿಲ್ಲ. ಮಾತು ಮುಗಿಸಿ ‘ಓವರ್’ ಎಂದು ಗುಂಡಿ ಬಿಟ್ಟರೆ ಮಾತ್ರ ಆ ಕಡೆಯ ದನಿ ಬರುತ್ತದೆ. ಈ ಚಟ ನನಗೆ ಮನೆಯಲ್ಲೂ ಹತ್ತಿತು. ಪದ್ಮಾಳ ಎದುರಿಗೆ ‘ಇವತ್ತು ಪಲ್ಯಾಕ್ಕ ಉಪ್ಪು ಜಾಸ್ತಿ ಆಗೇದ, ಓವರ್’ ಎಂದದ್ದುಂಟು. ಅವಳು, ‘ಈ ಮನ್ಯಾಗ ನನಗ ಗುಂಡಿ ಒತ್ತಲಿಕ್ಕೆ ಪಾಳಿ ಬರೂದ ಇಲ್ಲ’ ಎನ್ನುತ್ತಿದ್ದಳು. ಅದು ಬರಿಯ ಚೇಷ್ಟೆಯ ಮಾತಲ್ಲ ಎಂದು ಆಗ ಹೊಳೆಯಲಿಲ್ಲ.

ಆಡಿದ್ದನ್ನೆಲ್ಲ ಲಾಗ್ ಪುಸ್ತಕದಲ್ಲಿ ಬರೆಯಬೇಕು. ಯಾರು, ಎಷ್ಟೊತ್ತಿಗೆ ಶುರು, ಎಷ್ಟೊತ್ತಿಗೆ ಮುಗಿಯಿತು, ದನಿ ಹೇಗಿತ್ತು. ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಿದ್ದರೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು. ಈ ಕೆಲಸದಲ್ಲಿ ನನ್ನಷ್ಟು ಕಟ್ಟುನಿಟ್ಟಿನವನು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಇದ್ದವರೇ ಇಬ್ಬರು ಎಂಬುದು ಬೇರೆ ಮಾತು.

ಎಂಬತ್ತರ ದಶಕ ಶುರುವಾದ ಹೊಸದರಲ್ಲಿ ಒಂದು ಮುಂಜಾನೆ, ಬೀರಪ್ಪ ಮೈಕಿನಲ್ಲಿ ಏನೋ ಹೇಳುತ್ತಿದ್ದಾಗ, ಅವನ ದನಿಯ ಹಿಂದೆ ಒಂದು ಹೆಣ್ಣುದನಿ ಬಂತು. ‘ಚಾ ಆರಾಕತ್ತೈತಿ, ಬರ್ರಿ ಇನ್ನ.’ ಅದು ಅವನ ಹೆಂಡತಿ ಮಾಳವ್ವ. ನಾನು ಅಕ್ಕಾ ಎಂದು ಕರೆಯುತ್ತಿದ್ದೆ. ಲೈಸೆನ್ಸ್ ಇಲ್ಲದವರ ದನಿ ಗಾಳಿಗೆ ಹೋಯಿತಲ್ಲ ಎಂದು ನನಗೆ ಮೈ ಬಿಸಿಯಾಯಿತು. ‘ಬೀರಪ್ಪನವರ, ಇದು ನಿಯಮಕ್ಕ ವಿರುದ್ಧ. ದಿಲ್ಲ್ಯಾಗ ಕೇಳುವವರು ಕೂತಿರ್ತಾರ. ಇಬ್ಬರದೂ ಲೈಸೆನ್ಸ್ ಹೋಗ್ತದ. ಓವರ್’ ಎಂದೆ.

‘ಆಕಿ ಚಾ ಕುಡಿಯಾಕ ಕರದದ್ದು ಕೇಳಿ ದಿಲ್ಲಿಯವರು ಏನ್ ಮಾಡ್ತಾರ್ರಿ? ಓವರ್.’

ಆದರೂ ನಾನು ಬಿಡಲಿಲ್ಲ. ಮುಂದಿನ ರವಿವಾರ ಒಂದು ತಗಡು ಕತ್ತರಿಸಿ, ಬಿಳಿ ಬಣ್ಣ ಬಳಿದು, ಕೆಂಪು ಅಕ್ಷರ ಬರೆದು, ಬಸ್ಸು ಹತ್ತಿ ಬಾದಾಮಿಗೆ ಹೋದೆ. ಯಂತ್ರವಿದ್ದ ಕೋಣೆಯ ಬಾಗಿಲಿಗೆ ನಾನೇ ಮೊಳೆ ಹೊಡೆದು ಅದನ್ನು ತೂಗುಹಾಕಿದೆ. ಮಾಳವ್ವಕ್ಕನಿಗೆ ಓದಲು ಬರುತ್ತಿರಲಿಲ್ಲ. ಪಾಠ ಹೇಳುವವನಂತೆ ನಿಂತು ತಿಳಿಸಿದೆ.

‘ನೋಡ್ರಿ ಅಕ್ಕಾ, ಇದು ಬಾಗಲಕ್ಕ ಇತ್ತಂದ್ರ ಮಾತು ನಡದದ ಅಂತ ಅರ್ಥ. ಒಳಗ ಬರಬಾರದು, ಕರೀಬಾರದು. ಏನ ಇದ್ರೂ ಮಾತು ಮುಗಿಯೋ ತನಕ ಹೊರಗ.’

‘ಹೂಂನ್ರಿ ಮಾಸ್ತರ’ ಎಂದಳು. ‘ಚಾ ಎಲ್ಲಿಡ್ಲಿ?’

‘ಹೊಸ್ತಿಲ ಹೊರಗ ಇಟ್ಟು, ಮ್ಯಾಲ ತಾಟು ಮುಚ್ರಿ.’

ಬೀರಪ್ಪ ತಲೆ ಅಲ್ಲಾಡಿಸಿ ನಕ್ಕ. ಆದರೆ ಮಿಲಿಟರಿಯ ಮನುಷ್ಯ, ನಿಯಮ ಎಂದ ಮೇಲೆ, ಮಾತಿಗೆ ಕೂಡುವ ಮೊದಲು ತಗಡನ್ನು ದಿನಾ ತಪ್ಪದೆ ತೂಗುಹಾಕತೊಡಗಿದ. ಆಮೇಲೆ ಮಾಳವ್ವಕ್ಕನ ದನಿ ಒಮ್ಮೆಯೂ ಕೇಳಿಸಲಿಲ್ಲ. ಶಿಸ್ತು ಬಂತು ಎಂದು ನನಗೆ ಸಮಾಧಾನವಾಯಿತು.

ಮರುವರ್ಷದ ಚಳಿಗಾಲ. ಬೀರಪ್ಪ ಮಾತಿನ ನಡುವೆ, ‘ಎರಡು ದಿನ ಆತು, ಎದಿ ಬಿಗಿದ ಹಂಗ ಆಗಾಕತ್ತೈತಿ, ಎಡಗೈ ಜೋಮು ಹಿಡಿತೈತಿ’ ಎಂದ. ದವಾಖಾನೆಗೆ ತೋರಿಸಿರಿ ಎಂದೆ. ‘ಇದು ಮಹತ್ವದ ಮಾತಾಗಾಕತ್ತೈತಿ, ಬಿಡ್ರಿ. ನಿಮ್ಮ ಹೊಸಾ ಎಂಟೆನಾದ್ದು ಹೇಳ್ರಿ. ಓವರ್’ ಎಂದು ನಕ್ಕ. ನಾನು ಖುಷಿಯಿಂದ ಎಂಟೆನಾದ್ದು ಹೇಳಿದೆ. ಇಪ್ಪತ್ತು ನಿಮಿಷ ಹೇಳಿದೆನೆಂದು ಲಾಗಿನಲ್ಲಿದೆ.

ಅದಾದ ಮೂರನೆಯ ದಿನ. ಆರೂವರೆಗೆ ರಿಸೀವರ್ ಹಚ್ಚಿ ಕಾಯುತ್ತ ಕೂತೆ. ಕರೆ ಬರಲಿಲ್ಲ. ಐದು ನಿಮಿಷದ ಮೇಲೆ ಬಂದದ್ದು ಒಂದು ಉದ್ದ ಸದ್ದು. ಚುಕ್ಕಿಯಿಲ್ಲ, ಗೆರೆಯಿಲ್ಲ, ಬರಿಯ ಒಂದೇ ಸಮನೆ ‘ಗುಂಯ್’ ಎನ್ನುವುದು. ಯಾರೋ ಕೀ ಒತ್ತಿ ಹಿಡಿದು ತಮ್ಮ ಯಂತ್ರ ಸರಿ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಹೊಸಬರು ಹಾಗೆ ಮಾಡುತ್ತಾರೆ. ಒಂದು ನಿಮಿಷ, ಎರಡು ನಿಮಿಷ. ಬಿಡಲಿಲ್ಲ. ನಡುವೆ ಮೂರು ಸಲ ತುಂಡಾಗಿ ಮತ್ತೆ ಹತ್ತಿಕೊಂಡಿತು. ನನಗೆ ಸಿಟ್ಟು ಏರುತ್ತ ಹೋಯಿತು. ಇಂಥ ಬೇಜವಾಬ್ದಾರಿಯವರಿಗೆ ಲೈಸೆನ್ಸ್ ಯಾರು ಕೊಡುತ್ತಾರೆ ಎಂದು ಪದ್ಮಾಳಿಗೆ ಕೇಳಿಸುವಂತೆ ಕೂಗಿದೆ.

ಒಂದು ಮಾತು ಇಲ್ಲಿ ಬಚ್ಚಿಡಬಾರದು. ಆ ಸದ್ದು ಕೊಂಚ ಒರಟಾಗಿತ್ತು. ಬೀರಪ್ಪ ತಾನೇ ಕಟ್ಟಿದ ಯಂತ್ರದ ಸದ್ದೂ ಹಾಗೇ ಒರಟು. ನನ್ನ ಮನಸ್ಸಿಗೆ ಅದು ಬಂದಿತ್ತು. ಬಂದದ್ದನ್ನು ನಾನೇ ತಳ್ಳಿಹಾಕಿದೆ. ಮಿಲಿಟರಿಯಲ್ಲಿದ್ದವನು, ಬೀರಪ್ಪ ಇಂಥ ತಪ್ಪು ಮಾಡುವವನಲ್ಲ ಎಂದುಕೊಂಡೆ. ನೂರು ಮಂದಿಯಲ್ಲಿ ಅವನ ಕೈ ಗುರುತಿಸುತ್ತಿದ್ದೆನಲ್ಲ, ಆ ಉದ್ದ ಸದ್ದಿನಲ್ಲಿ ಗುರುತಿಸಲು ಕೈಯೇ ಇರಲಿಲ್ಲ.

ಇಪ್ಪತ್ಮೂರು ನಿಮಿಷದ ಮೇಲೆ ಸದ್ದು ತಟ್ಟನೆ ನಿಂತಿತು. ಆಗ ನಾನು ಮೈಕು ಎತ್ತಿಕೊಂಡೆ. ಯಾರೆಂದು ಗೊತ್ತಿಲ್ಲದ ಆ ಮನುಷ್ಯನಿಗೆ ಪಾಠ ಹೇಳಿದೆ. ‘ಕೀ ಮೇಲೆ ಮಲಗಿಕೊಂಡವರು ಯಾರು? ಗಾಳಿ ನಿಮ್ಮಪ್ಪನ ಆಸ್ತಿಯೇನು? ನಿಯಮ ಓದಿಕೊಂಡು ಬನ್ನಿ. ನಿಮ್ಮ ಹೆಸರು ಮೇಲಿನವರಿಗೆ ಹೋಗುತ್ತದೆ.’ ಶುದ್ಧ ಪುಸ್ತಕದ ಕನ್ನಡದಲ್ಲಿ ಹೇಳಿದೆ, ಆಮೇಲೆ ಇಂಗ್ಲಿಷಿನಲ್ಲೂ ಹೇಳಿದೆ. ಹೇಳುವಾಗ ಬಹಳ ಹಿತವಾಗಿತ್ತು. ಕೊನೆಗೆ ಬೀರಪ್ಪನನ್ನು ಕರೆದೆ. ‘ಬೀರಪ್ಪನವರ, ಕೇಳಿದಿರೇನು ಈ ಗದ್ದಲ? ಎಲ್ಲಿದ್ದೀರಿ? ಓವರ್.’ ಉತ್ತರವಿಲ್ಲ. ಆದರೂ ಅವನು ಕೇಳುತ್ತಿರಬಹುದೆಂದು, ಅವನ ಯಂತ್ರ ಕೆಟ್ಟಿರಬಹುದೆಂದು, ಅದೂ ಇದೂ ಮಾತಾಡುತ್ತ ಹೋದೆ. ಹದಿನೇಳು ನಿಮಿಷ. ಲಾಗಿನಲ್ಲಿ ಬರೆದೆ: ‘ಅಪರಿಚಿತ ಸ್ಟೇಷನ್. ಉದ್ದ ಸದ್ದು, ಒರಟು, ನಡುವೆ ಮೂರು ಸಲ ತುಂಡು. ಎಚ್ಚರಿಕೆ ಕೊಡಲಾಯಿತು.’ ಶಾಲೆಗೆ ಹೊರಡುವ ಮೊದಲು ಮೇಲಿನವರಿಗೆ ಒಂದು ದೂರಿನ ಪತ್ರವನ್ನೂ ಬರೆದು ಜೇಬಿನಲ್ಲಿಟ್ಟುಕೊಂಡೆ.

ಮಧ್ಯಾಹ್ನದ ಮೊದಲನೆಯ ತಾಸಿಗೆ ಸಿಪಾಯಿ ತಂತಿ ತಂದುಕೊಟ್ಟ. ಬೀರಪ್ಪ ತೀರಿಕೊಂಡನೆಂದು ಅದರಲ್ಲಿತ್ತು. ಮಹತ್ವದ ಮಾತು ಬರಬೇಕಾದ ದಾರಿಯಲ್ಲೇ ಬಂದಿತ್ತು. ಆಗಲೂ ನನಗೆ ಹೊಳೆಯಲಿಲ್ಲ ಎಂದರೆ ನೀವು ನಂಬಬೇಕು. ಹುನಗುಂದ, ಅಮೀನಗಡ ದಾಟುವವರೆಗೆ ಬಸ್ಸಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಇವತ್ತು ಕರೆ ಬರದೇ ಇದ್ದದ್ದು ಇದಕ್ಕೇ ಎಂದುಕೊಂಡೆ. ಗುಳೇದಗುಡ್ಡದಲ್ಲಿ ಕುಪ್ಪಸದ ಖಣದ ಗಂಟುಗಳನ್ನು ಏರಿಸಲು ಬಸ್ಸು ಬಹಳ ಹೊತ್ತು ನಿಂತಿತು. ಡ್ರೈವರನ ಮೇಲೆ ರೇಗಿದೆ.

ಬಾದಾಮಿಯಲ್ಲಿ ಮನೆಯ ಮುಂದೆ ಜನ ಕೂಡಿದ್ದರು. ಮಾಳವ್ವಕ್ಕನ ತಮ್ಮ ಸಿದ್ದಪ್ಪ ನನ್ನನ್ನು ಯಂತ್ರದ ಕೋಣೆಗೆ ಕರೆದುಕೊಂಡು ಹೋದ. ಕಂಬಳಿಯ ಮೇಲೆ ಕೀ ಓರೆಯಾಗಿ ಬಿದ್ದಿತ್ತು. ಟ್ರಾನ್ಸ್‌ಮಿಟರಿನ ದೊಡ್ಡ ವಾಲ್ವು ಸುಟ್ಟು ಕರ್ರಗಾಗಿತ್ತು.

‘ಇಲ್ಲೇ ಮಕಾಡೆ ಬಿದ್ದಿದ್ರು ನೋಡ್ರಿ’ ಎಂದ. ‘ಕೈ ಇದರ ಮ್ಯಾಲ ಇತ್ತು. ಬೆರಳು ಬಿಡಸಾಕ ಭಾಳ ಕಷ್ಟ ಆತು, ಅಷ್ಟು ಬಿಗಿ ಹಿಡದಿದ್ರು. ಎತ್ತಿಕೊಂಡು ದವಾಖಾನಿಗೆ ಓಡಿದ್ವಿ. ಅರ್ಧ ತಾಸು ಮೊದಲ ತಂದಿದ್ರ ನೋಡಬಹುದಿತ್ತು ಅಂದ್ರು ಡಾಕ್ಟರ್.’

ನನ್ನ ಜೇಬಿನಲ್ಲಿ ದೂರಿನ ಪತ್ರವಿತ್ತು. ಗೋಡೆ ಹಿಡಿದುಕೊಂಡು ಕೂತೆ. ನೀರು ಕೊಟ್ಟರು. ದುಃಖಕ್ಕೆ ಹೀಗಾಗಿದೆ ಎಂದು ಅವರು ತಿಳಿದರು. ನಾನು ತಿದ್ದಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮಾಳವ್ವಕ್ಕ ನನ್ನನ್ನು ಕರೆಸಿದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

‘ಮಾಸ್ತರ, ಇವತ್ತ ಮುಂಜಾನೆ ನಿಮ್ಮ ಜೋಡಿ ಮಾತಾಡಿದ್ರಲ್ಲ. ಏನಂದ್ರು?’

ಹೇಳಬೇಕಾದದ್ದು ನಾಲಗೆಯ ತುದಿಗೆ ಬಂದಿತ್ತು. ಸುತ್ತ ಅಷ್ಟು ಜನ. ನಾನು ಅಂದೆ, ‘ಎಲ್ಲಾರಿಗೂ ಶುಭ ಆಗಲಿ ಅಂದ್ರು ಅಕ್ಕಾ.’ ನಮ್ಮ ಹ್ಯಾಮ್ ಮಂದಿ ಮಾತು ಮುಗಿಸುವಾಗ ಹಾಗೆ ಹಾರೈಸುವ ರೂಢಿ. ಅವಳಿಗೂ ಗೊತ್ತಿತ್ತು. ಎರಡೂ ಕೈ ಜೋಡಿಸಿ ಕಣ್ಣಿಗೊತ್ತಿಕೊಂಡಳು.

ಆ ಸುಳ್ಳನ್ನು ಹೊತ್ತುಕೊಂಡು ಬಂದು, ಮನೆಯಲ್ಲಿ ಕೂತು ನನಗೆ ನಾನೇ ಒಂದು ಸಮಾಧಾನ ಕಟ್ಟಿಕೊಂಡೆ. ಕಳಿಸುತ್ತಿರುವವನಿಗೆ ಕೇಳುವುದಿಲ್ಲ, ಕೀ ಅವನ ಕೈಯ ಕೆಳಗೆ ಒತ್ತಿಕೊಂಡೇ ಇತ್ತು, ಆದ್ದರಿಂದ ನನ್ನ ಬೈಗುಳ ಅವನ ಕಿವಿಗೆ ಬಿದ್ದಿರಲಿಕ್ಕಿಲ್ಲ. ವಿಜ್ಞಾನದ ಮಾಸ್ತರನಿಗೆ ಇಷ್ಟು ಸಾಕಿತ್ತು. ಒಂದು ತಿಂಗಳು ಇದರ ಮೇಲೆ ಊಟ ಮಾಡಿದೆ, ಮಲಗಿದೆ.

ಲೈಸೆನ್ಸುದಾರ ಸತ್ತ ಮೇಲೆ ಲೈಸೆನ್ಸನ್ನು ಮರಳಿ ಕಳಿಸಬೇಕು. ಯಂತ್ರ ಲೈಸೆನ್ಸ್ ಇದ್ದವರ ಕೈಗೇ ಹೋಗಬೇಕು. ಹತ್ತಿರದಲ್ಲಿ ಇದ್ದವನು ನಾನೊಬ್ಬ. ಅದಕ್ಕೇ ತಿಂಗಳು ಕಳೆದು ಮತ್ತೆ ಬಾದಾಮಿಗೆ ಹೋದೆ. ಆ ದಿನ ಎಲ್ಲವನ್ನೂ ಹೇಳಿಬಿಡಬೇಕೆಂದು ಲಾಗ್ ಪುಸ್ತಕವನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ. ಮಾಳವ್ವಕ್ಕ ಚಹಾ ಮಾಡಿ ತಂದಳು. ಅಭ್ಯಾಸಬಲದಿಂದ ಅದನ್ನು ಕೋಣೆಯ ಹೊಸ್ತಿಲ ಹೊರಗೆ ಇಟ್ಟು, ಮೇಲೆ ತಾಟು ಮುಚ್ಚಿ, ಅಲ್ಲಿಯೇ ಕೂತಳು. ನಾನು ಒಳಗೆ ತಂತಿ ಬಿಚ್ಚುತ್ತಿದ್ದೆ.

‘ಒಂದು ಮಾತು ಹೇಳ್ತೇನ್ರಿ ಮಾಸ್ತರ’ ಎಂದಳು. ‘ಅವತ್ತ ಚಾ ಇಟ್ಟು ಕಾಯಾಕತ್ತಿದ್ದೆ. ಮೊದಲ ಏನೂ ಸದ್ದಿರಲಿಲ್ಲ. ಯಾಕೋ ಜೀವ ತಡೀಲಿಲ್ಲ, ಕದಾ ನೂಕಾಕ ಕೈ ಇಟ್ಟೆ. ಅಷ್ಟ್ರಾಗ ಒಳಗಿಂದ ನಿಮ್ಮ ದನಿ ಬಂತು.’

ಬಿಚ್ಚುತ್ತಿದ್ದ ತಂತಿಯನ್ನು ಕೆಳಗಿಟ್ಟೆ.

‘ನಿಮ್ಮ ದನಿ ನನಗ ಗುರ್ತಿಲ್ಲೇನ್ರಿ? ಜೋರಾಗಿ ಏನೋ ಹೇಳಾಕತ್ತಿದ್ರಿ. ತಗಡು ನೋಡಿದೆ. ಮಾತು ನಡದೈತಿ, ಇಬ್ಬರೂ ಅದಾರ, ನಾ ಯಾಕ ನಡುವ ಹೋಗಿ ಅವರ ಲೈಸೆನ್ಸ್ ಕಳೀಲಿ ಅಂತ ಕೈ ತಕ್ಕೊಂಡೆ. ಚಾ ಎರಡು ಸಲ ಬಿಸಿ ಮಾಡಿದೆ. ನಿಮ್ಮ ದನಿ ನಿಂತ ಮ್ಯಾಲ ಒಳಗ ಹೋದೆ.’

ಸದ್ದು ನಿಂತದ್ದು ಯಾಕೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ವಾಲ್ವು ಸುಟ್ಟು ಕಳಿಸುವ ಯಂತ್ರ ಸತ್ತಿತ್ತು. ಕೇಳುವ ಯಂತ್ರ ಬೇರೆ, ಅದು ಹಚ್ಚಿಯೇ ಇತ್ತು. ಕಳಿಸುವುದು ನಿಂತು ಆ ಅಡ್ಡಿ ಹೋದ ಮೇಲೆ ನನ್ನ ದನಿ ಆ ಕೋಣೆಯ ತುಂಬ ಬಂದಿತ್ತು. ಹದಿನೇಳು ನಿಮಿಷ. ಅವನ ಕಿವಿಗೆ ಅದರಲ್ಲಿ ಎಷ್ಟು ಬಿತ್ತೋ ನನಗೆ ಗೊತ್ತಿಲ್ಲ. ಬಾಗಿಲ ಮೇಲಿದ್ದ ಕೈಯನ್ನು ಹಿಂದೆ ತೆಗೆಸಿದ್ದು ಮಾತ್ರ ಅದೇ.

ಮಾಳವ್ವಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ‘ಒಳಗ ಹೋಗಬೇಕಿತ್ತು ಅಂತ ಮೊದಮೊದಲು ಭಾಳ ಸಂಕಟ ಆತ್ರಿ. ಆಮ್ಯಾಲ ನೀವು ಹೇಳಿದ್ರಲ್ಲ, ಮಾತಾಡಿದ್ರು, ಶುಭ ಆಗಲಿ ಅಂದ್ರು ಅಂತ. ಅದನ್ನ ಹಿಡಕೊಂಡೇನಿ. ಕಡೀತನಕ ನೀವು ಅವರ ಜೋಡಿ ಇದ್ರಿ. ಒಬ್ಬಂಟಿ ಆಗಿ ಸಾಯಲಿಲ್ಲ ಅವರು.’

ಲಾಗ್ ಪುಸ್ತಕ ಚೀಲದಲ್ಲೇ ಉಳಿಯಿತು. ‘ಹೌದ್ರಿ ಅಕ್ಕಾ’ ಎಂದೆ. ಹೊರಡುವಾಗ ಅವಳು ಬಾಗಿಲಿನಿಂದ ತಗಡನ್ನು ಬಿಚ್ಚಿ, ಸೆರಗಿನಿಂದ ಧೂಳು ಒರೆಸಿ ನನ್ನ ಕೈಗೆ ಕೊಟ್ಟಳು. ‘ಇದನ್ನೂ ಒಯ್ರಿ. ನೀವು ಬರದದ್ದು. ನಮಗ ಓದಾಕ ಬರೂದಿಲ್ಲ.’

ಮರುದಿನ ಲೈಸೆನ್ಸ್ ಮರಳಿಸುವ ಕ್ರಮ ನೋಡಲೆಂದು ನಿಯಮ ಪುಸ್ತಕ ತೆಗೆದೆ. ಮೊದಲ ಪುಟದಿಂದ ಕೊನೆಯವರೆಗೆ ಓದಿದೆ. ಲೈಸೆನ್ಸ್ ಇಲ್ಲದವರು ಯಂತ್ರ ನಡೆಸಬಾರದು ಎಂದಿದೆ. ಅವರು ಕೋಣೆಯೊಳಗೆ ಬರಬಾರದು ಎಂದು ಎಲ್ಲಿಯೂ ಇಲ್ಲ. ಹೆಂಡತಿ ಚಹಾಕ್ಕೆ ಕರೆದ ದನಿ ಹಿಂದಿನಿಂದ ಕೇಳಿಸಿದರೆ ಲೈಸೆನ್ಸ್ ಹೋಗುತ್ತದೆ ಎಂದೂ ಇಲ್ಲ. ಮತ್ತೆ ಮತ್ತೆ ಹುಡುಕಿದೆ. ತಗಡಿನ ಮೇಲಿನ ನಿಯಮ ಯಾವ ಪುಟದಲ್ಲೂ ಇರಲಿಲ್ಲ, ಅದು ನನ್ನದೇ. ಪುಸ್ತಕದಲ್ಲಿದ್ದ ಬೇರೊಂದು ಮಾತು ನನಗೆ ಬಾಯಿಪಾಠವಿತ್ತು, ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಯಾರಾದರೂ ಆಪತ್ತಿನಲ್ಲಿದ್ದಾರೆ ಎನಿಸಿದರೆ ತನ್ನ ಮಾತು ನಿಲ್ಲಿಸಿ ಕೇಳಬೇಕು ಎಂಬುದು.

ಲಾಗಿನಲ್ಲಿ ‘ಅಪರಿಚಿತ’ ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಬೀರಪ್ಪನ ಹೆಸರು ಬರೆದು ಸಹಿ ಮಾಡಿದೆ. ನನ್ನ ಲೈಸೆನ್ಸನ್ನು ಮತ್ತೆ ನವೀಕರಿಸಲಿಲ್ಲ. ಯಾಕೆ ಎಂದು ಪದ್ಮಾ ಕೇಳಿದಳು, ಬ್ಯಾಸರ ಬಂತು ಎಂದೆ.

ಇದಾಗಿ ಆರೇಳು ವರ್ಷವಾಯಿತು. ವರ್ಷಕ್ಕೊಮ್ಮೆ ಬಾದಾಮಿಗೆ ಹೋಗುತ್ತೇನೆ. ಹೇಳಿಬಿಡಬೇಕೆಂದೇ ಹೋಗುತ್ತೇನೆ. ಮಾಳವ್ವಕ್ಕ ಓಣಿಯವರನ್ನೆಲ್ಲ ಕರೆದು, ‘ಇವರ ನೋಡ್ರಿ, ನಮ್ಮವರ ಜೋಡಿ ಕಡೀತನಕ ಮಾತಾಡಿದ ಮಾಸ್ತರ’ ಎಂದು ತೋರಿಸುತ್ತಾಳೆ. ನನ್ನ ಪಕ್ಕದಲ್ಲೇ ಕೂತು, ಬ್ಯಾಡ ಎಂದರೂ ಇನ್ನೊಂದು ರೊಟ್ಟಿ ಹಾಕುತ್ತಾಳೆ. ನಾನು ಉಂಡು, ಕೈ ತೊಳೆದು, ಬಸ್ಸು ಹತ್ತಿ ಇಳಕಲ್ಲಿಗೆ ಬರುತ್ತೇನೆ.

ಅಕ್ಕಾ, ನೀವು ಒಳಗೆ ಬರಬಹುದಿತ್ತು. ಇಷ್ಟೇ ಮಾತು. ಇದನ್ನು ಹೇಳಲು ಯಾವ ಲೈಸೆನ್ಸೂ ಬೇಕಾಗಿಲ್ಲ. ಇನ್ನೂ ಹೇಳಿಲ್ಲ.